ಮುಯ್ಯಿಯ ಲೆಕ್ಕ

2009ರ ಜೂನ್‌ನಲ್ಲಿ ಫಾರ್ಮ್‌ವಿಲ್ ಬಂತು. ಬೆಂಗಳೂರಿನ ಪಿಜಿ ರೂಮಲ್ಲಿ ಕೂತು ನಾನೂ ಉತ್ತಿದ್ದೇ ಉತ್ತಿದ್ದು. ಹೊಲ ದೊಡ್ಡದಾಗಬೇಕಂದ್ರೆ ಒಂದೋ ದುಡ್ಡು ಸುರೀಬೇಕು, ಇಲ್ಲಾ ಆಟದಲ್ಲಿ ನೆರೆಯವರು ಬೇಕು. ಕೃಷ್ಣೆಯ ದಂಡೆಯ ನಮ್ಮ ತಂಗಡಗಿಯಲ್ಲಿ ಇದನ್ನ ಹೇಳಿದರೆ ಅಪ್ಪ ನಕ್ಕ: "ಇದು ನಮ್ಮ ಮುಯ್ಯಾಳು ಅಲ್ಲೇನೋ ತಮ್ಮಾ?"

2012ರ ಹೇ ಡೇ ಆಟದಲ್ಲಿ ಆಟಗಾರರೇ ಅಂಗಡಿ ಇಡಬಹುದು. ಆದರೆ ಗರಿಷ್ಠ ಬೆಲೆ ಕಂಪನಿ ಕಟ್ಟಿದ್ದು. ಕಣಜ ಹಿಗ್ಗಿಸೋ ಬೋಲ್ಟು, ಹಲಗೆಗಳನ್ನ ಆ ಬೆಲೆಗೆ ಬಿಟ್ಟುಕೊಡಲು ಮನಸ್ಸಾಗದೆ ಜನ ನಾಣ್ಯ ಬದಿಗಿಟ್ಟು ವಸ್ತುವಿಗೆ ವಸ್ತು ಬದಲಾಯಿಸಿಕೊಂಡರು. ಅಲ್ಲಿ ಮೊದಲು ಕೊಡೋನು ಇನ್ನೊಬ್ಬನನ್ನು ನಂಬಲೇಬೇಕು. ಬಡಿಗರು, ಕಂಬಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಾಳಿನ ಆಯ ಪಡೆಯುತ್ತಿದ್ದದ್ದೂ ಇಂಥ ನಂಬಿಕೆಯ ಮೇಲೇ.

2020ರ ಡಿಸೆಂಬರ್ 31ಕ್ಕೆ, ಫ್ಲ್ಯಾಶ್ ನಿಂತಾಗ, ಹಳೆಯ ಫಾರ್ಮ್‌ವಿಲ್ ಮುಚ್ಚಿತು. ನನ್ನ ನಾಣ್ಯವೆಲ್ಲ ಅದರ ಜೊತೆಗೇ ಹೋಯ್ತು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಮುಂದೆ ಜೋಳದ ಸುಗ್ಗಿಗೆ ಪಕ್ಕದ ಹೊಲದಿಂದ ನಾಲ್ಕು ಜನ ಬಂದರು. ಕೂಲಿ ಕೊಡಹೋದೆ. "ನಿಮ್ಮಪ್ಪಾರು ಹೋದ ವರ್ಷ ನಮ್ಮ ಹೊಲಕ್ಕ ಬಂದಿದ್ರು. ಮುಯ್ಯಿ ತೀರಸಬೇಕಲ್ಲ ತಮ್ಮಾ" ಅಂದ್ರು.

ಅವರದು ತೀರಿತು. ಮುಂದಿನ ಸುಗ್ಗಿಗೆ ಅವರ ಹೊಲಕ್ಕಿಳಿಯಲು ನಮ್ಮ ಮನೆಯಲ್ಲಿ ಯಾರಿದ್ದಾರೆ?