ಕಾಶಾನದ ಮೆರುಗು, ಬೀದರಿನ ಗೋಡೆ

ಹೇಮಗುಡ್ಡದ ಹಾಳು ಕೋಟೆಗೋಡೆಗಳಲ್ಲಿ ಕಲ್ಲಿನ ಬಣ್ಣವಲ್ಲದೆ ಬೇರೆ ಬಣ್ಣವಿಲ್ಲ. ಕಂಪಿಲಿ ರಾಜ್ಯವು 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿದ್ದ ಕಥೆಯನ್ನು ನಾನು ಆ ಸೀಮೆಯಲ್ಲಿಯೇ ಕೇಳಿದೆ. ಮುಂದೆ ನಂಜುಂಡನ ಕುಮಾರರಾಮನ ಸಾಂಗತ್ಯವನ್ನು ತರಗತಿಯಲ್ಲಿ ಪಾಠ ಹೇಳಿದೆ. ನಾನು ಬಲ್ಲ ತುರುಕರೆಂದರೆ ಹೆಚ್ಚಾಗಿ ಕುದುರೆ, ಲಗ್ಗೆ, ಮುತ್ತಿಗೆ. ಆದುದರಿಂದ ಬೀದರಿನಲ್ಲಿ ಮಹಮೂದ್ ಗವಾನನ ಮದರಸಾದ ಮುಂದೆ ಮೊದಲ ಸಲ ನಿಂತಾಗ ನನಗೆ ಮಾತು ಹೊರಡಲಿಲ್ಲ. ನೀಲಿ, ಬಿಳಿ, ಹಳದಿ, ಹಸುರು! ಗೋಡೆಯೇ ಜರಿಯಂಚಿನ ಸೀರೆಯಂತೆ ಕಂಡಿತು.

ಈ ವಿದ್ಯೆಯ ತವರು ಪರ್ಷಿಯ. ಅಲ್ಲಿನ ಕಾಶಾನ್ ನಗರದ ಹೆಸರಿನಿಂದಲೇ ಮೆರುಗುಬಿಲ್ಲೆಗೆ 'ಕಾಶಿ' ಎಂಬ ಮಾತು ಬಂದಿತು. ನಮ್ಮ ಗಂಗಾತೀರದ ಕಾಶಿಗೂ ಇದಕ್ಕೂ ನಂಟಿಲ್ಲ. ಹನ್ನೆರಡನೆಯ ಶತಮಾನದ ಕೊನೆಯಿಂದ ಹದಿನಾಲ್ಕರ ನಡುಭಾಗದವರೆಗೆ ಕಾಶಾನದ ಕುಂಬಾರರು ಮಣ್ಣಿನಿಂದ ಹೊನ್ನಿನ ಹೊಳಪನ್ನು ತೆಗೆದರು. ಬಿಳಿಯ ಗಾಜಿನ ಲೇಪವಿತ್ತು ಒಮ್ಮೆ ಸುಟ್ಟ ಬಿಲ್ಲೆಯ ಮೇಲೆ ಬೆಳ್ಳಿ ಮತ್ತು ತಾಮ್ರದ ಭಸ್ಮಗಳಿಂದ ಚಿತ್ರ ಬರೆದು, ಗಾಳಿಯಾಡದಂತೆ ಹೊಗೆಯಲ್ಲಿ ಮತ್ತೊಮ್ಮೆ ಬೇಯಿಸುವರು. ಹೊಗೆಯು ಲೋಹದ ಪ್ರಾಣವಾಯುವನ್ನು ಹೀರಿಕೊಂಡಾಗ, ಕೂದಲಿಗಿಂತ ಎಷ್ಟೋ ತೆಳುವಾದ ಲೋಹದ ಪೊರೆ ಗಾಜಿನಲ್ಲಿ ನಿಲ್ಲುವುದು. ಆರಿದ ಮೇಲೆ ಉಜ್ಜಿದರೆ ಹೊನ್ನು! ಹೊಗೆ ಹೆಚ್ಚುಕಡಿಮೆಯಾದರೆ ಒಲೆಯಷ್ಟೂ ಹಾಳು. ಈ ಕಸುಬನ್ನು ಅದೇ ಊರಿನ ಕುಂಬಾರಮನೆತನದ ಅಬುಲ್ ಕಾಸಿಮ್ 1301ರಲ್ಲಿ ಬರೆದಿಟ್ಟನು.

ಬೀದರಿನಲ್ಲಿರುವುದು ಈ ಹೊನ್ನಮೆರುಗಲ್ಲ. ಅದು ಕ್ಷೀಣಿಸಿದ ಮೇಲೆ ಪರ್ಷಿಯದಲ್ಲಿ ಮೆರೆದ ಇನ್ನೊಂದು ಬಗೆ: ಒಂದೊಂದು ಬಣ್ಣದ ಬಿಲ್ಲೆಯನ್ನೂ ಎಸಳಾಗಿ, ಬಳ್ಳಿಯಾಗಿ, ಅಕ್ಷರವಾಗಿ ಕತ್ತರಿಸಿ ಕೂಡಿಸುವುದು. ನಮ್ಮ ಚಿಪ್ಪಗೇರ ಬಳಪ ಹಿಡಿದಂತೆ ಇವರು ಉಳಿ ಹಿಡಿದರು.

ಕಟ್ಟಿಸಿದವನು ಗೀಲಾನದಿಂದ ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಗವಾನ. ಮದರಸಾ ಎದ್ದ 1472ರಲ್ಲಿಯೇ ಅವನು ಗೋವೆಯನ್ನು ಗೆದ್ದನು. ಬೆಳಗಾವಿಯ ಮುತ್ತಿಗೆಯಲ್ಲಿ ಕೋಟೆಯ ಬುಡಕ್ಕೆ ಸಿಡಿಮದ್ದು ಇಡಿಸಿದನೆಂದು ಬಹಮನಿ ಚರಿತ್ರೆ ಹೇಳುತ್ತದೆ. ನನ್ನ ಪಾಠದ ಲಗ್ಗೆಗಾರನೂ ಈ ಬಣ್ಣದ ಒಡೆಯನೂ ಒಬ್ಬನೇ ಎಂಬುದನ್ನು ಒಪ್ಪಲು ನನಗೆ ಬಹುಕಾಲ ಹಿಡಿಯಿತು. 1481ರಲ್ಲಿ ಶತ್ರುಗಳು ಹೂಡಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನನು ಅವನ ತಲೆಯನ್ನು ತೆಗೆಸಿದನು.

1696ರಲ್ಲಿ, ಮೊಗಲರ ಕಾಲಕ್ಕೆ, ಮದರಸಾದಲ್ಲಿ ಕೂಡಿಟ್ಟಿದ್ದ ಸಿಡಿಮದ್ದು ಸಿಡಿದು ಒಂದು ಮಿನಾರವೂ ಮುಂಭಾಗದ ಬಹುಭಾಗವೂ ಉರುಳಿದವು. ಉಳಿದ ಮಿನಾರದ ಮೇಲೆ ಬಿಲ್ಲೆಗಳ ಅಡ್ಡಾದಿಡ್ಡಿ ಗೆರೆಗಳು ಅಲ್ಲಲ್ಲಿ ಹೊಳೆಯುತ್ತವೆ. ಬಿಲ್ಲೆ ಕಳಚಿದ ಕಡೆ ಗಾರೆಯಲ್ಲಿ ಎಸಳಿನ ಅಚ್ಚು ಮಾತ್ರ ಇದೆ; ಬೆರಳಿಟ್ಟರೆ ಅಂಚು ಇನ್ನೂ ಚೂಪು.