ಹಿತ್ತಿಲ ಬಾಗಿಲು

ಮೊನ್ನೆ ಸಂಜೆ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೆ. ಕೆಲಸ ನಿಲ್ಲಿಸಿ ಕಾಫಿ ಕುಡಿಯುವಾಗಲೂ ಇಂಟರ್‌ನೆಟ್ ಪೆಟ್ಟಿಗೆಯ ಪುಟ್ಟ ದೀಪ ಮಿಣುಕುತ್ತಲೇ ಇತ್ತು. ನಾನು ಯಾರಿಗೂ ಏನನ್ನೂ ಕಳುಹಿಸುತ್ತಿರಲಿಲ್ಲ. ಹಾಗಾದರೆ ಮಾತನಾಡುತ್ತಿದ್ದವರಾರು, ಯಾರೊಡನೆ? ಗೋಡೆಗೂ ಕಿವಿಯುಂಟೆಂದು ಹಿರಿಯರು ಎಚ್ಚರಿಸಿದ್ದರು; ಬಾಯಿಯೂ ಉಂಟೆಂಬುದನ್ನು ನಾವು ಕಲಿಯಬೇಕಾಗಿದೆ.

ಈ ಸಂದೇಹ ಹೊಸದಲ್ಲ. ವಿಂಡೋಸ್ 98 ತನ್ನ ನೋಂದಣಿಯ ಸಮಯದಲ್ಲಿ, ಯಂತ್ರದ ವಿವರಗಳನ್ನು ಕಳುಹಿಸಬಹುದೇ ಎಂದು ಒಡೆಯನನ್ನು ಕೇಳುತ್ತಿತ್ತು. ‘ಬೇಡ’ ಎಂದವರ ಯಂತ್ರದಿಂದಲೂ ಒಂದು ಗುರುತಿನ ಸಂಖ್ಯೆ ಮೈಕ್ರೋಸಾಫ್ಟ್ ಕಂಪನಿಗೆ ಹೋಗುತ್ತಿದ್ದುದು 1999ರ ಮಾರ್ಚಿಯಲ್ಲಿ ಬಯಲಾಯಿತು. ಕಂಪನಿ ಒಪ್ಪಿಕೊಂಡು, ಸರಿಪಡಿಸುವುದಾಗಿ ಹೇಳಿತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ತಜ್ಞ ರಿಚರ್ಡ್ ಸ್ಮಿತ್ ಇನ್ನೊಂದನ್ನು ಪತ್ತೆಹಚ್ಚಿದರು. ಹಾಡು ಕೇಳಿಸುವ ರಿಯಲ್‌ಜ್ಯೂಕ್‌ಬಾಕ್ಸ್ ಎಂಬ ತಂತ್ರಾಂಶ, ಯಾರು ಯಾವ ಸಿ.ಡಿ. ಕೇಳಿದರೆಂಬುದನ್ನು ತನ್ನ ತಯಾರಕರಿಗೆ ವರದಿ ಮಾಡುತ್ತಿತ್ತು. ಅವರೂ ಕ್ಷಮೆ ಬೇಡಿದರು.

ಅಲ್ಲಿಯವರೆಗೆ ಕಾವಲೆಂದರೆ ಹೊರಗಿನ ಕಳ್ಳನನ್ನು ತಡೆಯುವುದೆಂದೇ ಜನರ ಭಾವನೆ. ಮನೆಯೊಳಗಿದ್ದವನೇ ಹಿತ್ತಿಲ ಬಾಗಿಲಿನಿಂದ ಸುದ್ದಿ ಸಾಗಿಸಿದರೆ? 2000ದಲ್ಲಿ ಬಂದ ಜೋನ್‌ಅಲಾರ್ಮ್ ಎಂಬ ಕಾವಲುಗಾರ ತಂತ್ರಾಂಶ ಈ ಕೆಲಸಕ್ಕೆ ನಿಂತಿತು. ಯಾವುದೇ ತಂತ್ರಾಂಶ ಹೊರಗೆ ಕಾಲಿಟ್ಟರೆ, ‘ಬಿಡಲೇ, ತಡೆಯಲೇ?’ ಎಂದು ಮನೆಯ ಯಜಮಾನನನ್ನೇ ಕೇಳುವುದು ಅದರ ಪದ್ಧತಿ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ಕಾವಲಾದರೋ ಒಳಬರುವವರನ್ನು ಮಾತ್ರ ತಡೆಯುತ್ತಿತ್ತು.

2015ರಲ್ಲಿ ವಿಂಡೋಸ್ 10 ಬಂದಾಗ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಯಂತ್ರವನ್ನು ನಡೆಸುವ ವ್ಯವಸ್ಥೆಯೇ ವರದಿಗಾರನಾಗಿತ್ತು. ಯಾವ ತಂತ್ರಾಂಶವನ್ನು ಎಷ್ಟು ಹೊತ್ತು ಬಳಸಿದಿರೆಂಬ ಲೆಕ್ಕವೂ ಹೋಗುತ್ತಿತ್ತು. ಇದು ಅಗತ್ಯಕ್ಕೆ ಮೀರಿದ್ದೆಂದು ಫ್ರಾನ್ಸಿನ ದತ್ತಾಂಶ ರಕ್ಷಣಾ ಆಯೋಗ 2016ರ ಜುಲೈಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಕಂಪನಿ ಸಂಗ್ರಹವನ್ನು ತಗ್ಗಿಸಿದ ಮೇಲೆ 2017ರಲ್ಲಿ ಪ್ರಕರಣ ಮುಗಿಯಿತು.

ಹಾಗೆಂದು ಎಲ್ಲ ಸಂಪರ್ಕವೂ ಕೇಡಿನದಲ್ಲ. ರಕ್ಷಣೆಯ ತಿದ್ದುಪಡಿಗಳು ಬರುವುದೂ ಅದೇ ದಾರಿಯಿಂದ. ಬಾಗಿಲನ್ನು ಪೂರ್ತಿ ಮುಚ್ಚಿದರೆ ಯಂತ್ರ ವೈರಸ್ಸುಗಳಿಗೆ ತುತ್ತಾದೀತು. ನಾವು ಬೇಡುವುದು ಇಷ್ಟೇ: ಕೇಳಿ ಕಳುಹಿಸಲಿ, ‘ಬೇಡ’ ಎಂದರೆ ನಿಲ್ಲಿಸಲಿ.

ಈ ‘ಬೇಡ’ಕ್ಕೆ ನಮ್ಮ ದೇಶದಲ್ಲಿ ಬಲ ತಂದವರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರನ್ನು ನೆನೆಯಬೇಕು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಆಧಾರ್ ವಿಷಯಕ್ಕಾಗಿ. ಆದರೆ ಆ ದಾವೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಕಾಫಿ ಮುಗಿಸಿ, ನನ್ನ ಯಂತ್ರದಲ್ಲಿ ಆರಿಸಬಹುದಾದ ವರದಿಗಳನ್ನೆಲ್ಲ ಆರಿಸಿದೆ. ಅಂಕಪಟ್ಟಿಯ ಪಕ್ಕದಲ್ಲಿಯೇ, ಮನೆಯ ಕಷ್ಟ ತೋಡಿಕೊಂಡು ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರವಿತ್ತು. ಅದು ನನ್ನ ಗುಟ್ಟಲ್ಲ. ಮೇಷ್ಟರೆಂದು ನಂಬಿ ಅವಳು ಒಪ್ಪಿಸಿದ್ದು. ದೀಪ ಮಾತ್ರ ಇನ್ನೂ ಆಗಾಗ ಮಿಣುಕುತ್ತಿತ್ತು.