ಕಾಡ್ಗಿಚ್ಚು: ಯಾರ್ಯಾರು ಬರಬೇಕು, ಯಾವಾಗಿಂದ?

ಕಾಡಿಗೆ ಬೆಂಕಿ ಬಿದ್ರೆ ಅರಣ್ಯ ಇಲಾಖೆ ಒಂದೇ ಓಡಬೇಕಾ? ಹಾಗೇನಿಲ್ಲ.

1927: ಭಾರತೀಯ ಅರಣ್ಯ ಕಾಯ್ದೆಯ 79ನೇ ಸೆಕ್ಷನ್ ಬಂತು. ಕಾಡಲ್ಲಿ ದನ ಮೇಯಿಸುವ ಹಕ್ಕಿರೋರು, ಕಾಡಂಚಿನ ಊರಿನ ಸರ್ಕಾರಿ ನೌಕರರು ಕೂಡ ಬೆಂಕಿ ಆರಿಸಲು ನೆರವಾಗಬೇಕು.

2004: ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ರಾಜ್ಯಗಳಿಗೆ ತಿಳಿಸಲು ಶುರು ಮಾಡಿತು.

2005: ವಿಪತ್ತು ನಿರ್ವಹಣಾ ಕಾಯ್ದೆ ಬಂದು, ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರಾದರು.

2019: ನಮ್ಮ ಬಂಡೀಪುರದಲ್ಲಿ ಫೆಬ್ರವರಿ 21ಕ್ಕೆ ಹತ್ತಿದ ಬೆಂಕಿಗೆ ಸಾವಿರಾರು ಎಕರೆ ಸುಟ್ಟಿತು. ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ಸ್ವಯಂಸೇವಕರು ಸೊಪ್ಪು ಹಿಡಿದು ಬಡಿದರು. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದು 25ಕ್ಕೆ, ಅಂದ್ರೆ ಐದನೇ ದಿನ.

ಉಪಗ್ರಹ ಹೊಗೆ ಕಂಡರೆ ಸಾಲದು, ಕರೆ ಬೇಗ ಹೋಗಬೇಕು. ಬೇಸಿಗೆಗೆ ಮುಂಚೆನೇ ಇಲಾಖೆಗಳು ಒಟ್ಟಿಗೆ ಕೂತು ಮಾತಾಡಬೇಕಿರೋದು ಇದಕ್ಕೇ.